ಸೊಳ್ಳೆಪರದೆಯೊಳಗಿನ ಸೌತೆಬಳ್ಳಿ

ಆ ಬೇಸಿಗೆಯಲ್ಲಿ ನಮ್ಮ ಸೊಳ್ಳೆಪರದೆ ಸೌತೆಬಳ್ಳಿಯ ಮೇಲಿತ್ತು, ಸೊಳ್ಳೆಗಳು ನಮ್ಮ ಮೇಲಿದ್ದವು. ಮನೆಗೆ ಬಂದವರು ಕೈಕಾಲು ಕೆರೆದುಕೊಳ್ಳುತ್ತ ಒಂದು ಪರದೆ ಕಟ್ಟಬಾರದೇ ಎಂದು ಕೇಳಿದರೆ, ಕಟ್ಟಿದ್ದೇವೆ, ಟೆರೇಸಿನಲ್ಲಿದೆ ಎನ್ನುತ್ತಿದ್ದೆ. ನಾವು ಟೆರೇಸಿನಲ್ಲಿ ಮಲಗುತ್ತೇವೆಂದು ಅವರು ತಿಳಿದುಕೊಳ್ಳುತ್ತಿದ್ದರು. ನಾನು ತಿದ್ದುತ್ತಿರಲಿಲ್ಲ. ದಿಲ್ಲಿಯಲ್ಲಿ ಟೆರೇಸಿನಲ್ಲಿ ಮಲಗುವವರಿಗೆ ಒಂದು ಮರ್ಯಾದೆಯಿದೆ. ಹಾಸಿಗೆಯ ಪರದೆ ಬಿಚ್ಚಿ ಸೌತೆಗೆ ಕೊಟ್ಟವರಿಗೆ ಇಲ್ಲ.

ದಿಲ್ಲಿಯ ರೋಹಿಣಿ ಬಡಾವಣೆಗೆ ಮೆಟ್ರೋ ಬಂದು ಒಂದು ವರ್ಷವಾಗಿತ್ತು. ಅಲ್ಲಿಯ ಒಂದು ಸೆಕ್ಟರಿನಲ್ಲಿ ಎರಡು ಮಹಡಿಯ ಮನೆಯ ಮೇಲಿನ ಭಾಗದಲ್ಲಿ ನಾವು ಬಾಡಿಗೆಗಿದ್ದೆವು. ನನ್ನ ಗಂಡ ಕರಾವಳಿಯವರು, ಮಾರ್ಕೆಟ್ಟಿನಲ್ಲಿ ಇಡ್ಲಿ ದೋಸೆಯ ಹೋಟೆಲು ನಡೆಸುತ್ತಿದ್ದರು. ನಾನು ಘಟ್ಟದ ಮೇಲಿನವಳು, ಮನೆಯಲ್ಲೇ ಕೂತು ಆರನೆಯ, ಏಳನೆಯ ಕ್ಲಾಸಿನ ಮಕ್ಕಳಿಗೆ ವಿಜ್ಞಾನದ ಟ್ಯೂಷನ್ ಹೇಳುತ್ತಿದ್ದೆ. ಮೂರನೆಯವರು ಅತ್ತೆ. ಅವರು ದಿಲ್ಲಿಗೆ ಬಂದು ಬಹಳ ಕಾಲವಾಗಿದ್ದರೂ ಹಿಂದಿ ಕಲಿತಿರಲಿಲ್ಲ. ಕಲಿಯಲಾರದೆ ಅಲ್ಲ, ಬೇಡವೆಂದು. ಅವರಿಗೆ ಬೇಕಾದ್ದನ್ನು ಹೇಳಲು ನಾನಿದ್ದೆ, ಬೇಡವಾದ್ದನ್ನು ಹೇಳಲು ಅವರ ಮುಖವೇ ಸಾಕಿತ್ತು.

ಅತ್ತೆಗೆ ಮಡಿ ಬಹಳ. ಬೆಳಿಗ್ಗೆ ಮಿಂದು, ಬೇರೆಯಾಗಿ ಒಣಗಿಸಿಟ್ಟ ಸೀರೆಯುಟ್ಟು ಒಳಗೆ ಹೋದರೆಂದರೆ ಪೂಜೆ ಮತ್ತು ಅಡುಗೆ ಮುಗಿಯುವವರೆಗೆ ಅವರನ್ನು ಯಾರೂ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಮೈಲಿಗೆ, ಮತ್ತೆ ಸ್ನಾನ. ಹೊರಗೆ ಎಲ್ಲಿಯೂ ಒಂದು ಲೋಟ ನೀರು ಸಹ ಮುಟ್ಟಿದವರಲ್ಲ. ಮಗನ ಹೋಟೆಲಿನಲ್ಲೂ ಇಲ್ಲ. ಈರುಳ್ಳಿ ಹೆಚ್ಚಿದ ಕೈ ಅಲ್ಲಿ ಏನೇನು ಮುಟ್ಟಿರುತ್ತದೋ ಯಾರು ಕಂಡರು ಎನ್ನುತ್ತಿದ್ದರು. ಆ ಈರುಳ್ಳಿಯಿಂದಲೇ ನಮ್ಮ ಮನೆ ನಡೆಯುತ್ತಿತ್ತು. ಈ ಮಾತನ್ನು ಮದುವೆಯಾದ ಹೊಸದರಲ್ಲಿ ನಾನು ಒಮ್ಮೆ ಆಡಿದ್ದೆ. ಎರಡನೆಯ ಸಲ ಆಡಲಿಲ್ಲ.

ಕೆಳಗೆ ಮನೆಯ ಒಡತಿ ಇದ್ದರು. ಪಂಜಾಬಿ ಹೆಂಗಸು, ಹೆಚ್ಚುಕಡಿಮೆ ಅತ್ತೆಯ ವಯಸ್ಸು, ಅತ್ತೆಯ ಹಾಗೆಯೇ ಗಂಡನನ್ನು ಕಳೆದುಕೊಂಡವರು. ನಾನು ಆಂಟೀಜಿ ಎನ್ನುತ್ತಿದ್ದೆ, ಅವರು ನನ್ನನ್ನು ಬೇಟಾ ಎನ್ನುತ್ತಿದ್ದರು. ಟೆರೇಸನ್ನು ನಮಗೂ ಪಾಲು ಮಾಡಿ ಕೊಟ್ಟಿದ್ದರು. ನಡುವೆ ಕರಿಯ ನೀರಿನ ಟ್ಯಾಂಕು; ಅದರ ಆಚೆ ಅವರದು, ಈಚೆ ನಮ್ಮದು. ಟ್ಯಾಂಕಿನ ನೀರು ಮಾತ್ರ ಇಬ್ಬರದೂ. ಅದು ಅತ್ತೆಗೆ ಸರಿಬೀಳುತ್ತಿರಲಿಲ್ಲ, ಆದರೆ ದಿಲ್ಲಿಯ ನೀರಿನ ಸಂಗತಿ ಗೊತ್ತಿದ್ದವರು ಅದರಲ್ಲಿ ಮಡಿ ಹುಡುಕುವುದಿಲ್ಲ.

ನಮ್ಮ ಪಾಲಿನಲ್ಲಿ ತುಳಸಿ, ಬಸಳೆ, ಒಂದು ಕರಿಬೇವು ಇದ್ದವು. ಆ ವರ್ಷ ಅವುಗಳ ಜೊತೆ ಸೌತೆ ಸೇರಿತು. ಸೌತೆ ಎಂದರೆ ಗಾಡಿಯ ಮುಂದೆ ನಿಂತು ಉಪ್ಪು ಖಾರ ಹಚ್ಚಿಸಿಕೊಂಡು ತಿನ್ನುವ ಎಳೆಯ ಕಕಡಿ ಅಲ್ಲ. ಮಂಗಳೂರು ಸೌತೆ. ಗಿಡ್ಡಗೆ, ದಪ್ಪಗೆ, ಮೈಮೇಲೆ ಪಟ್ಟೆ ಇರುವಂಥದ್ದು. ಬಲಿತು ಹಳದಿಯಾದ ಮೇಲೆಯೇ ಕೊಯ್ಯಬೇಕು. ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಅದರ ಹುಳಿ ಮಾಡುತ್ತಾರೆ. ನನ್ನನ್ನು ಕೇಳಿದರೆ ಬೇಳೆಯ ನಡುವೆ ನೀರಿನ ತುಂಡು ಸಿಕ್ಕಿದ ಹಾಗಿರುತ್ತದೆ. ನನ್ನನ್ನು ಯಾರೂ ಕೇಳಲಿಲ್ಲ.

ಬೀಜ ಅತ್ತೆಯ ತವರಿನದು. ಭತ್ತ ಕೊಯ್ದ ಗದ್ದೆಯಲ್ಲಿ ಅವರ ಅಜ್ಜಿಯ ಕಾಲದಿಂದ ಅದನ್ನೇ ಬಿತ್ತಿ, ಅದರದೇ ಬೀಜ ತೆಗೆದಿಟ್ಟು ಬಂದದ್ದು. ಆ ಗದ್ದೆಗೆ ಅತ್ತೆಯ ತಮ್ಮ ಕೆಂಪುಮಣ್ಣು ತುಂಬಿಸಿ ಮದುವೆಯ ಹಾಲ್ ಕಟ್ಟಿಸಿದ. ಈಗ ಅಲ್ಲಿ ಸೌತೆ ಬೆಳೆಯುವುದಿಲ್ಲ. ಎಲೆಯ ಮೇಲೆ ಬಡಿಸುತ್ತಾರೆ, ಪೇಟೆಯಿಂದ ತಂದದ್ದು. ಗದ್ದೆ ಮುಚ್ಚುವ ಮೊದಲು ಅತ್ತೆ ಒಂದು ಹಿಡಿ ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಬಟ್ಟೆಯಲ್ಲಿ ಗಂಟುಕಟ್ಟಿ ತಂದಿದ್ದರು. ಹಿಂದಿನ ವರ್ಷ ಅರ್ಧ ಹಾಕಿದ್ದು ಮೊಳೆಯಲೇ ಇಲ್ಲ. ಬೀಜ ಹಳತಾಗುತ್ತಿತ್ತು. ಈ ಸಲ ಶಿವರಾತ್ರಿ ಕಳೆದ ಮೇಲೆ ಉಳಿದದ್ದನ್ನೆಲ್ಲ ಹಾಕಿಬಿಟ್ಟರು. ಎರಡು ಮೊಳಕೆ ಬಂದವು. ಅತ್ತೆ ಖಾಲಿ ಬಟ್ಟೆಯನ್ನು ನನ್ನ ಮುಂದೆ ಕೊಡವಿ ತೋರಿಸಿದರು.

"ಇದು ಹೋದ್ರೆ ಹೋಯ್ತು ಮಾರಾಯ್ತಿ. ಇನ್ನು ಎಲ್ಲಿಂದಲೂ ತರ್ಲಿಕ್ಕಿಲ್ಲ."

ನನ್ನ ಗಂಡ ಊಟಕ್ಕೆ ಕೂತವರು, ಹೋಟೆಲಿನ ಸಾಮಾನಿನ ಜೊತೆ ವಾರವಾರ ಮಂಗಳೂರು ಸೌತೆ ಬರುತ್ತದಲ್ಲ, ಅದರ ಬೀಜ ತೆಗೆದರಾಯಿತು ಎಂದರು. ಅತ್ತೆ ಒಂದು ವಾರ ಮಗನ ಜೊತೆ ಮಾತು ಬಿಟ್ಟರು. ಅಂಗಡಿಯ ಕಾಯಿ ಯಾವಾಗ ಕಹಿಯಾಗುತ್ತದೆಂದು ಹೇಳುವಂತಿಲ್ಲ; ಅವರ ತವರಿನದು ಒಂದು ಸಲವೂ ಕಹಿಯಾದದ್ದಿಲ್ಲವಂತೆ. ಇದನ್ನು ನನಗೆ ಹೇಳಿದರು, ಮಗನಿಗೆ ಕೇಳಿಸುವ ಹಾಗೆ. ತಾಯಿಯ ಮನೆಯದೆಂದು ಅವರ ಕೈಯಲ್ಲಿ ಈಗ ಉಳಿದದ್ದು ಇದೊಂದೇ ಎಂಬುದನ್ನು ಹೇಳಲಿಲ್ಲ. ಅದು ನನಗೆ ಗೊತ್ತಿತ್ತು.

ಟ್ಯಾಂಕಿನ ಆಚೆ ಆಂಟೀಜಿಯದು ಚಳಿಗಾಲದ ಗೋಬಿ. ಪೇಂಟಿನ ಡಬ್ಬಗಳಲ್ಲಿ, ಒಡೆದ ಬಕೆಟುಗಳಲ್ಲಿ ಹೂಕೋಸು, ಎಲೆಕೋಸು ಸಾಲಾಗಿ ಕೂತಿದ್ದವು. ಗೊಬ್ಬರಕ್ಕೆ ಮೊಟ್ಟೆಯ ಚಿಪ್ಪು ಕುಟ್ಟಿ ಹಾಕುತ್ತಿದ್ದರು. ಅತ್ತೆಯ ಲೆಕ್ಕದಲ್ಲಿ ಕೋಸು ಇಂಗ್ಲಿಷ್ ತರಕಾರಿ, ತಿಥಿಗೆ ನಡೆಯುವುದಿಲ್ಲ, ಆದ್ದರಿಂದ ತರಕಾರಿಯೇ ಅಲ್ಲ. ಮೊಟ್ಟೆಯ ಚಿಪ್ಪು ಕಂಡ ಮೇಲಂತೂ ಆ ಕಡೆ ಕಾಲಿಡುವುದನ್ನು ಬಿಟ್ಟರು. ಬಿಸಿಲಿಗೆ ಸಂಡಿಗೆ ಹಾಕಿದಾಗ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುತ್ತಿದ್ದರು.

ಚಳಿ ಇಳಿಯುತ್ತಿದ್ದ ಹಾಗೆ ಬಿಳಿ ಚಿಟ್ಟೆಗಳು ಬಂದವು. ಆಂಟೀಜಿಗೆ ಮೊದಲು ಬಹಳ ಖುಷಿಯಾಯಿತು, ನನ್ನನ್ನು ಕರೆದು ತೋರಿಸಿದರು. ಆಮೇಲೆ ಎಲೆಯ ಅಡಿಯಲ್ಲಿ ಹಳದಿ ಮೊಟ್ಟೆಗಳು, ಮೊಟ್ಟೆಯಿಂದ ಹುಳುಗಳು. ಹೋಳಿಯ ಹೊತ್ತಿಗೆ ಎಲೆಕೋಸಿನಲ್ಲಿ ನರ ಮಾತ್ರ ಉಳಿದಿತ್ತು. ಆಂಟೀಜಿ ರೊಟ್ಟಿಯ ಚಿಮಟ ತಂದು ಹುಳು ಹೆಕ್ಕುತ್ತ, ಚಿಟ್ಟೆಗಳಿಗೆ ಪಂಜಾಬಿಯಲ್ಲಿ ಬೈದರು. ಅರ್ಥವಾಗದಿದ್ದರೂ ಒಳ್ಳೆಯ ಬೈಗುಳ ಎನ್ನುವುದು ಗೊತ್ತಾಗುತ್ತಿತ್ತು.

ಅತ್ತೆ ಇದನ್ನೆಲ್ಲ ಟ್ಯಾಂಕಿನ ಈಚೆ ನಿಂತು ನೋಡಿದರು. ನೋಡಿ, ಅಲ್ಲಿ ತಿಂದು ಮುಗಿಸಿದ ಮೇಲೆ ಅವು ಇಲ್ಲಿಗೇ ಬರುತ್ತವೆ ಎಂದು ತೀರ್ಮಾನಿಸಿದರು. ನಮ್ಮ ಸೌತೆ ಆಗ ನಾಲ್ಕೆಲೆಯದು. ಮಧ್ಯಾಹ್ನ ನಾನು ಟ್ಯೂಷನ್ ಮುಗಿಸಿ ಎದ್ದರೆ ನಮ್ಮ ಮಂಚದ ಮೇಲಿನ ಸೊಳ್ಳೆಪರದೆ ಇರಲಿಲ್ಲ. ನೀಲಿ ನೈಲಾನಿನ ಪರದೆ, ನಮ್ಮ ಮದುವೆಗೆ ಅತ್ತೆಯ ತಂಗಿ ಕೊಟ್ಟದ್ದು. ಟೆರೇಸಿಗೆ ಹೋಗಿ ನೋಡಿದರೆ ನಾಲ್ಕು ಕೋಲಿಗೆ ಕಟ್ಟಿ, ಅಂಚಿನ ಸುತ್ತ ಇಟ್ಟಿಗೆ ಹೇರಿ, ಒಳಗೆ ಎರಡು ಕುಂಡಗಳನ್ನು ಮಲಗಿಸಿದ ಹಾಗೆ ಇಟ್ಟಿದ್ದರು. ಬಿಳಿ ಚಿಟ್ಟೆಗೆ ಬೇಕಾದ್ದು ಕೋಸು, ಸಾಸಿವೆಯ ಜಾತಿ. ಸೌತೆಯನ್ನು ಅದು ಮೂಸಿಯೂ ನೋಡುವುದಿಲ್ಲ. ಇದು ನಮಗೆ ಬಹಳ ತಡವಾಗಿ ಗೊತ್ತಾಯಿತು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ನಿಜವಾದ ಕಾರಣ ಹೇಳಿದರು. ಹುಳುವಿನ ಮಾತು ಒಂದು. ಅದಕ್ಕಿಂತ ದೊಡ್ಡದು, ಆ ಚಿಟ್ಟೆ ಮೊಟ್ಟೆಚಿಪ್ಪಿನ ಮೇಲೆ ಕೂತ ಕಾಲಿನಲ್ಲೇ ಹಾರಿಬಂದು ನಮ್ಮ ಬಳ್ಳಿಯ ಮೇಲೆ ಕೂರುತ್ತದೆ. ಚಿಟ್ಟೆಗೂ ಮೈಲಿಗೆಯೇ ಎಂದು ಕೇಳಿದೆ. ಚಿಟ್ಟೆಗಲ್ಲ, ಕಾಲಿಗೆ ಎಂದರು. ನೈಲಾನಿನ ಬಗ್ಗೆ ಮಾತ್ರ ಅವರಿಗೇ ಸ್ವಲ್ಪ ಅನುಮಾನವಿತ್ತು. ರೇಷ್ಮೆ, ಉಣ್ಣೆ ಆದರೆ ಶಾಸ್ತ್ರವಿದೆ, ನೈಲಾನಿಗೆ ಏನು? ಊರಿಗೆ ಫೋನ್ ಮಾಡಿ ತಂಗಿಯನ್ನು ಕೇಳಿದರು. ಒಮ್ಮೆ ನೀರಲ್ಲಿ ಅದ್ದಿ ತೆಗೆದರೆ ನೈಲಾನು ಮಡಿಗೆ ಆಗುತ್ತದೆ ಎಂದು ಆಕೆ ತೀರ್ಪು ಕೊಟ್ಟರು. ಗಂಡನ ಹತ್ತಿರ ದೂರು ಹೇಳಿದೆ. ಅವರು ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪವಿಟ್ಟರು: ಅಮ್ಮ ಹೇಳುವುದೂ ಸರಿ, ಸೊಳ್ಳೆ ಇರುವುದೂ ನಿಜ.

ಅಂದಿನಿಂದ ಬಳ್ಳಿ ಮಡಿಯಲ್ಲಿತ್ತು. ಅತ್ತೆ ಮಾತ್ರ, ಅದೂ ಮಿಂದ ಮೇಲೆ, ಒಂದು ಬದಿಯ ಇಟ್ಟಿಗೆ ಸರಿಸಿ ಒಳಗೆ ಕೈ ಹಾಕಿ ನೀರು ಹಾಕುವುದು. ನನಗೆ ಪ್ರವೇಶವಿರಲಿಲ್ಲ. ಆ ವಾರವೇ ಅವರು ನನ್ನನ್ನು ಕರೆದು, ಮುಟ್ಟಬೇಡ ಎನ್ನುವುದಕ್ಕೆ ಇವರ ಭಾಷೆಯಲ್ಲಿ ಏನೆನ್ನುತ್ತಾರೆ ಎಂದು ಕೇಳಿದರು. ಕೊನೆಗೂ ಹಿಂದಿ ಕಲಿಯುವ ಮನಸ್ಸು ಬಂತಲ್ಲ ಎಂದು ನಾನು ಸಂತೋಷದಿಂದ ಹೇಳಿಕೊಟ್ಟೆ. ಛೂನಾ ಮತ್. ಅತ್ತೆ ಎರಡು ಸಲ ಹೇಳಿ ನೋಡಿದರು. ಉಚ್ಚಾರ ಚೆನ್ನಾಗಿತ್ತು.

ಅದನ್ನು ಬಳಸುವ ಸಂದರ್ಭ ಬೇಗ ಬಂತು. ಆಂಟೀಜಿ ಒಂದು ಬೆಳಿಗ್ಗೆ ಟ್ಯಾಂಕು ದಾಟಿ ಬಂದು, ಪರದೆಯನ್ನು ಕಂಡು ಬೆರಗಾದರು. ತಮಗೆ ಈ ಉಪಾಯ ಹೊಳೆದಿದ್ದರೆ ಗೋಬಿ ಉಳಿಯುತ್ತಿತ್ತು, ನಿಮ್ಮ ಸಾಸುಮಾ, ಅಂದರೆ ಅತ್ತೆ, ಬಹಳ ಬುದ್ಧಿವಂತರು ಎಂದು ನನಗೆ ಹೇಳುತ್ತ, ಸೀರೆಯಂಗಡಿಯಲ್ಲಿ ಮಾಡುವ ಹಾಗೆ ಪರದೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದರು. ಅತ್ತೆ ಬಸಳೆಯ ಹತ್ತಿರ ಇದ್ದವರು ತಿರುಗಿದರು.

"ಛೂನಾ ಮತ್."

ಹಿಂದಿಲ್ಲ, ಮುಂದಿಲ್ಲ, ಒಂದು ಜೀ ಸಹ ಇಲ್ಲ. ಆಂಟೀಜಿ ಕೈ ಬಿಟ್ಟರು. ನಾನು ಏನೋ ಒಂದು ಹೇಳಿ ಸಂಭಾಳಿಸುವಷ್ಟರಲ್ಲಿ ಅತ್ತೆ ಇಟ್ಟಿಗೆ ಸರಿಸಿ, ಪರದೆ ಬಿಚ್ಚಿ, ಬಕೆಟಿನ ನೀರಿಗೆ ಅದ್ದಿ ಹಿಂಡತೊಡಗಿದರು. ಆಂಟೀಜಿಯ ಕಣ್ಣೆದುರಿಗೇ. ಕೊಳೆಯಾಗಿತ್ತೇ ಎಂದು ಆಂಟೀಜಿ ನನ್ನನ್ನು ಕೇಳಿದರು. ಧೂಳು, ದಿಲ್ಲಿಯ ಧೂಳು ಎಂದೆ. ಅವರು ತಮ್ಮ ಬೆರಳುಗಳನ್ನು ಒಮ್ಮೆ ನೋಡಿಕೊಂಡು ಇಳಿದುಹೋದರು. ಮರುದಿನದಿಂದ ನಾನು ಬೇಟಾ ಆಗಿರಲಿಲ್ಲ. ಮೋಟರ್ ಹಾಕಬೇಕಾದರೆ ಮೆಟ್ಟಿಲಿನಿಂದ "ಸುನೋ", ಇಲ್ಲಿ ಕೇಳು, ಎಂದು ಕೂಗುತ್ತಿದ್ದರು.

ನನಗೆ ಮೈ ಉರಿದುಹೋಯಿತು. ಇದು ಅವರ ಮನೆ, ಅವರ ಟೆರೇಸು ಎಂದು ಅತ್ತೆಗೆ ಹೇಳಿದೆ. ಬಾಡಿಗೆ ಕೊಡುವುದಿಲ್ಲವೇ ಎಂದರು. ಬಾಡಿಗೆ ಕೊಟ್ಟರೆ ಮನೆಯ ಯಜಮಾನಿಯನ್ನು ಮೈಲಿಗೆ ಮಾಡಬಹುದೇ ಎಂದೆ. ನಾನು ಯಾರನ್ನೂ ಏನೂ ಮಾಡಲಿಲ್ಲ, ಪರದೆ ತೊಳೆದೆ ಅಷ್ಟೇ ಎಂದರು. ಅತ್ತೆಯ ಜೊತೆ ವಾದ ಮಾಡಿ ಗೆದ್ದವರನ್ನು ನಾನು ನೋಡಿಲ್ಲ. ಮಾವ ಇದ್ದಿದ್ದರೆ ಅವರೂ ಇದನ್ನೇ ಹೇಳುತ್ತಿದ್ದರು ಎಂದು ಗಂಡ ಹೇಳುತ್ತಾರೆ.

ಬಳ್ಳಿಗಳಂತೂ ಪರದೆಯೊಳಗೆ ರಾಜಕುಮಾರಿಯರ ಹಾಗೆ ಬೆಳೆದವು. ಒಂದು ಎಲೆಗೆ ಒಂದು ತೂತಿಲ್ಲ. ಏಪ್ರಿಲ್ಲಿನಲ್ಲಿ ಹಳದಿ ಹೂ ಬಿಟ್ಟವು. ಸೌತೆಯಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಹೆಣ್ಣು ಹೂವಿನ ಹಿಂದೆ ಬೆರಳ ತುದಿಯಷ್ಟು ಪುಟ್ಟ ಸೌತೆಮಿಡಿ ಮೊದಲಿಂದಲೇ ಇರುತ್ತದೆ. ಮೊದಲ ಮಿಡಿ ಕಂಡ ದಿನ ಅತ್ತೆ ಪಾಯಸ ಮಾಡಿದರು. ಶುಕ್ರವಾರ ಬಳ್ಳಿಗೆ ಊದುಬತ್ತಿ ಬೆಳಗಿದರು. ಬೆಳಗುವಾಗ ಟ್ಯಾಂಕಿನ ಬದಿಯಲ್ಲಿ ಪರದೆಗೆ ಕಿಡಿ ತಗುಲಿ ಒಂದು ರೂಪಾಯಿಯಗಲ ತೂತಾಯಿತು. ಇಲಿ ಕಡಿದದ್ದು ಎಂದು ನನಗೆ ಹೇಳಿದರು. ಸುಟ್ಟ ವಾಸನೆ ಇನ್ನೂ ಬರುತ್ತಿತ್ತು.

ಮಿಡಿ ಮೂರು ದಿನಕ್ಕೆ ಹಳದಿಯಾಗಿ, ಬಾಡಿ, ಉದುರಿತು. ಅದರ ಹಿಂದೆ ಇನ್ನೊಂದು. ಆಮೇಲೆ ಮತ್ತೊಂದು. ಅತ್ತೆ ನೀರು ಹೆಚ್ಚು ಹಾಕಿದರು, ಕಡಿಮೆ ಹಾಕಿದರು. ಮಜ್ಜಿಗೆ ಹಾಕಿದರು. ಅಕ್ಕಿ ತೊಳೆದ ನೀರು ಹಾಕಿದರು. ಕೊನೆಗೆ ಇದು ದೃಷ್ಟಿಯೇ ಎಂದು ಗೊತ್ತುಮಾಡಿ, ಒಂದು ಹಳೆಯ ಮಡಕೆಗೆ ಸುಣ್ಣದಲ್ಲಿ ಕಣ್ಣು, ಮೀಸೆ ಬರೆದು ಕೋಲಿಗೆ ಸಿಕ್ಕಿಸಿದರು. ಅದರ ಮುಖ ಆಂಟೀಜಿಯ ಕಡೆಗಿತ್ತು. ಮೀಸೆಯವನು ಯಾರು ಎಂದು ಆಂಟೀಜಿ ನನ್ನನ್ನು ಕೇಳಲಿಲ್ಲ. ಆ ಹೊತ್ತಿಗೆ ಅವರು ನಮ್ಮನ್ನು ಏನನ್ನೂ ಕೇಳುವುದನ್ನು ಬಿಟ್ಟಿದ್ದರು.

ನನಗೆ ಹೊಳೆದದ್ದು ಊಟದ ಮೇಜಿನ ಸುತ್ತ ಟ್ಯೂಷನ್ ನಡೆಯುತ್ತಿದ್ದಾಗ. ಮಕ್ಕಳಿಗೆ ಹೂವಿನ ಚಿತ್ರ ಬರೆದು, ಗಂಡು ಹೂವಿನ ಪರಾಗವನ್ನು ಜೇನುನೊಣ, ಚಿಟ್ಟೆಗಳು ಹೆಣ್ಣು ಹೂವಿಗೆ ಒಯ್ಯುತ್ತವೆ, ಆಮೇಲೆಯೇ ಕಾಯಿ ಎಂದು ಬಾಯಿಪಾಠ ಹೇಳಿಸುತ್ತಿದ್ದೆ. ವರ್ಷವರ್ಷವೂ ಹೇಳಿಸುವ ಪಾಠ. ಒಯ್ಯುತ್ತವೆ ಎನ್ನುವಲ್ಲಿ ನನ್ನ ಪೆನ್ಸಿಲ್ ನಿಂತಿತು. ಅಯ್ಯೋ ಶಿವನೇ ಎಂದೆ. ಮಕ್ಕಳು ಅದನ್ನೂ ಬರೆದುಕೊಂಡರು.

ಅತ್ತೆಗೆ ಹೇಳಿದೆ. ಗದ್ದೆಯಲ್ಲಿ ಯಾರೂ ಪರದೆ ಕಟ್ಟುತ್ತಿರಲಿಲ್ಲ, ದುಂಬಿ ಬಂದು ಹೋಗುತ್ತಿತ್ತು, ಯಾರು ಲಕ್ಷ್ಯ ಕೊಟ್ಟರು ಎಂದು ತಮಗೇ ಹೇಳಿಕೊಂಡರು. ಹಾಗಾದರೆ ಪರದೆ ತೆಗೆಯುತ್ತೇನೆ ಎಂದು ನಾನು ಎದ್ದೆ. ತೆಗೆಯಕೂಡದು ಎಂದರು. ಜೇನುನೊಣವೂ ಆ ಕಡೆಯಿಂದಲೇ ಬರುವುದಲ್ಲವೇ? ಅದು ಮಾಡುವ ಕೆಲಸವನ್ನು ಮಡಿಯಲ್ಲಿ ನಾವೇ ಮಾಡಿದರಾಯಿತು.

ಮರುದಿನದಿಂದ ಅತ್ತೆ ಜೇನುನೊಣವಾದರು. ದೇವರ ದೀಪಕ್ಕೆಂದು ಹೊಸೆದಿಟ್ಟ ಹೂಬತ್ತಿಯನ್ನು ಗಂಡು ಹೂವಿಗೆ ಸವರಿ, ಅದರಿಂದ ಹೆಣ್ಣು ಹೂವನ್ನು ಮುಟ್ಟುತ್ತಿದ್ದರು. ಉಪಾಯ ಒಳ್ಳೆಯದೇ. ಆದರೆ ಮೊದಲು ಸ್ನಾನ, ಆಮೇಲೆ ದೇವರ ಪೂಜೆ, ತುಳಸಿಗೆ ನೀರು, ಆಮೇಲೆ ಸೌತೆ. ದೇವರಿಗಿಂತ ಮೊದಲು ಸೌತೆಗೆ ಹೂಬತ್ತಿ ಹಿಡಿಯುವುದುಂಟೇ? ಅವರು ಮೇಲೆ ಬರುವ ಹೊತ್ತಿಗೆ ಬಿಸಿಲು ಏರಿ ಹೂಗಳು ಮುದುಡಿರುತ್ತಿದ್ದವು. ಬೆಳಿಗ್ಗೆ ಬೇಗ ಮಾಡಬೇಕು ಅತ್ತೆ ಎಂದು ನಾನು ಹೇಳಿದೆ, ಬೇಡಿಕೊಂಡೆ, ಕೊನೆಗೆ ಕೂಗಾಡಿದೆ.

"ದೇವರನ್ನು ಕಾಯಿಸ್ಲಿಕ್ಕೆ ಆಗ್ತದಾ?" ಎಂದರು.

ಹೂವಂತೂ ಕಾಯಲಿಲ್ಲ. ಮೇ ತಿಂಗಳ ಬಿಸಿಗಾಳಿ ಶುರುವಾಯಿತು. ಒಂದು ಬಳ್ಳಿ ಬುಡದಿಂದ ಮೇಲಕ್ಕೆ ಒಣಗುತ್ತ ಹೋಗಿ ಒಂದು ವಾರದಲ್ಲಿ ಸತ್ತಿತು. ಇನ್ನೊಂದರಲ್ಲಿ ಹೂ ನಿಂತುಹೋಯಿತು. ಆ ದಿನ ಅತ್ತೆ ಮಿಂದು ಬಂದವರು ಅಡುಗೆಗೆ ಕೈ ಹಾಕದೆ ದೇವರ ಮುಂದೆ ಸುಮ್ಮನೆ ಕೂತಿದ್ದರು. ಅಷ್ಟು ಗಟ್ಟಿ ಹೆಂಗಸು, ಮಾವ ಹೋದಾಗಲೂ ನನ್ನ ಎದುರು ಅತ್ತವರಲ್ಲ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಅಮ್ಮ ಇಷ್ಟು ವರ್ಷ ಉಳಿಸಿದ್ದನ್ನು ನಾನು ಇಲ್ಲಿ ತಂದು ಕೊಂದೆ ಎಂದರು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಹತ್ತಿರ ಹೋಗಿ ಹೆಗಲು ಮುಟ್ಟೋಣವೆಂದರೆ ಅವರು ಮಡಿಯಲ್ಲಿದ್ದರು. ಬಾಗಿಲಲ್ಲೇ ನಿಂತೆ.

ಸಂಜೆ ಟ್ಯಾಂಕು ತುಂಬಿ ಸೋರುತ್ತಿದ್ದ ಸದ್ದು ಕೇಳಿ ನಾನು ಟೆರೇಸಿಗೆ ಹೋದೆ. ನಲ್ಲಿ ಮುಚ್ಚಲು ಟ್ಯಾಂಕಿನ ಹಿಂದಕ್ಕೆ ಬಗ್ಗಿದಾಗ ಊದುಬತ್ತಿಯ ಆ ತೂತು ಕಂಡಿತು. ತೂತಿನಿಂದ ಬಳ್ಳಿಯ ಒಂದು ಕವಲು ಹೊರಗೆ ಬಂದಿತ್ತು. ಬಂದು, ಟ್ಯಾಂಕಿನ ನೆರಳು ಹಿಡಿದು ಹಿಂಬದಿಯಿಂದ ಹಾದು ಆಚೆ ದಾಟಿತ್ತು. ನಾನು ದಾಟಿ ಹೋಗಿ ನೋಡಿದೆ. ಗೋಬಿಯ ಖಾಲಿ ಡಬ್ಬಗಳ ನಡುವೆ, ಮೊಟ್ಟೆಚಿಪ್ಪಿನ ಮಣ್ಣಿನ ಮೇಲೆ, ಹಸಿರು ಮೈಗೆ ಬಿಳಿ ಪಟ್ಟೆಯ ಒಂದು ಸೌತೆ ಒರಗಿ ಕೂತಿತ್ತು. ನನ್ನ ಮುಷ್ಟಿಗಿಂತ ದೊಡ್ಡದು.

ಸುತ್ತಲಿನ ಮಣ್ಣು ಒದ್ದೆಯಾಗಿತ್ತು. ಯಾರೋ ದಿನವೂ ನೀರು ಹಾಕುತ್ತಿದ್ದರು. ಯಾರೋ ಎಂದರೆ ಇನ್ಯಾರು.

ಅತ್ತೆಯನ್ನು ಕರೆತಂದೆ. ಅವರು ಟ್ಯಾಂಕಿನ ಈಚೆ ನಿಂತು ಕತ್ತು ಚಾಚಿ ನೋಡಿದರು. ಮುಖದಲ್ಲಿ ಮೊದಲು ಬಂದದ್ದು ಸಂತೋಷ, ಅದರ ಬೆನ್ನಿಗೇ ಭಯ. ಬೀಜ ಬಲಿಯಬೇಕಾದರೆ ಕಾಯಿ ಇನ್ನೂ ಒಂದು ತಿಂಗಳಾದರೂ ಬಳ್ಳಿಯಲ್ಲಿ ಇರಬೇಕು. ದಿಲ್ಲಿಯವರಿಗೆ ಕಕಡಿ ಎಂದರೆ ಎಳೆಯದು, ಇಂದು ಕಂಡರೆ ಇಂದೇ ಕೊಯ್ದು ಉಪ್ಪು ಹಚ್ಚುವುದು. ಭಾನುವಾರ ಆಂಟೀಜಿಯ ಮಗಳು, ಅಳಿಯ ಊಟಕ್ಕೆ ಬರುವವರಿದ್ದರು. ತಮ್ಮ ಜಾಗದಲ್ಲಿ ತಾವು ನೀರೆರೆದು ಬೆಳೆಸಿದ ಕಾಯಿಯನ್ನು ಅವರು ಯಾಕೆ ಬಿಡುತ್ತಾರೆ? ಬಿಡಿ ಎಂದು ಕೇಳಲು ನಮಗೆ ಮುಖ ಎಲ್ಲಿತ್ತು? ಆ ಮಡಕೆಯ ಮೀಸೆಯವನು ಇನ್ನೂ ಆ ಕಡೆಗೇ ಕಣ್ಣುಬಿಡುತ್ತಿದ್ದ. ನಾನು ಮೊದಲು ಅವನನ್ನು ಕೆಳಗಿಳಿಸಿದೆ.

ನೀವು ಇರಿ ಅತ್ತೆ, ನಾನು ಹೋಗಿ ಏನಾದರೂ ಹೇಳಿ ಬರುತ್ತೇನೆ ಎಂದೆ. ಅತ್ತೆ ತಲೆಯಾಡಿಸಿದರು.

"ಬೇಡ. ಮಾತು ಆಡಿದ್ದು ನಾನು. ನಾನೇ ಹೋಗ್ತೇನೆ. ನೀನು ಹಿಂದಿಯಲ್ಲಿ ಹೇಳು, ಸಾಕು."

ಆಂಟೀಜಿ ಬಾಗಿಲು ತೆರೆದು ನಮ್ಮಿಬ್ಬರನ್ನೂ ನೋಡಿ ಏನೂ ಕೇಳದೆ ಒಳಗೆ ಕರೆದರು. ಕೂರಿಸಿದರು. ಚಹಾ ಬೇಕೇ ಎಂದು ಕೇಳುವ ಪದ್ಧತಿ ಅವರಲ್ಲಿಲ್ಲ, ತಂದು ಇಡುತ್ತಾರೆ. ಹೂವಿನ ಚಿತ್ರದ ಪಿಂಗಾಣಿ ಕಪ್ಪು, ಮೇಲೆ ಕೆನೆ. ಅತ್ತೆ ಇದನ್ನು ಮುಟ್ಟುವುದಿಲ್ಲ, ನಾನು ಎರಡೂ ಕಪ್ಪು ಕುಡಿದು ಏನಾದರೊಂದು ನೆಪ ಹೇಳಬೇಕು ಎಂದು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದೆ. ಅತ್ತೆ ಕಪ್ಪನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎತ್ತಿದರು. ತುಟಿ ತಾಗದ ಹಾಗೆ ಮೇಲಿಂದ ಹೊಯ್ದುಕೊಳ್ಳುವ ಅಭ್ಯಾಸ ಅವರದು. ಬಿಸಿ ಚಹಾದಲ್ಲಿ ಅದು ನಡೆಯುವುದಿಲ್ಲ. ತುಟಿಗಿಟ್ಟೇ ಕುಡಿದರು. ತಳ ಕಾಣುವ ತನಕ ಕುಡಿದು, ಕಪ್ಪನ್ನು ಬಸಿಯ ಮೇಲಿಟ್ಟು, ಸಕ್ಕರೆ ಜಾಸ್ತಿಯಾಯಿತು ಎಂದು ನನಗೆ ಹೇಳಿದರು. ಅದನ್ನು ನಾನು ಹಿಂದಿಗೆ ತರಲಿಲ್ಲ.

ಆಮೇಲೆ ಅತ್ತೆ ಹೇಳುತ್ತ ಹೋದರು, ನಾನು ಹಿಂದಿಯಲ್ಲಿ ಹೇಳುತ್ತ ಹೋದೆ. ಗದ್ದೆ, ಅಜ್ಜಿ, ತಮ್ಮನ ಮದುವೆ ಹಾಲ್, ಬೂದಿಯ ಗಂಟು, ಒಣಗಿದ ಬಳ್ಳಿ. ಕಾಯಿ ಹಳದಿಯಾಗಬೇಕು ಎನ್ನುವಾಗ ಮಾತು ಸಾಲದೆ ತಮ್ಮ ಅರಿಸಿನದ ಬಣ್ಣದ ಸೆರಗನ್ನೇ ಎತ್ತಿ ತೋರಿಸಿದರು. ಅಲ್ಲಿಯವರೆಗೆ ಅದನ್ನು ಬಳ್ಳಿಯಲ್ಲೇ ಬಿಡಬೇಕು, ತಪ್ಪು ತನ್ನದು ಎಂದರು. ತಪ್ಪು ಎನ್ನುವ ಮಾತು ಅತ್ತೆಯ ಬಾಯಿಂದ ಬಂದದ್ದು ನಾನು ಕೇಳಿದ್ದು ಅದೇ ಮೊದಲು.

ಆಂಟೀಜಿ ನನ್ನ ಕಡೆ ನೋಡಲಿಲ್ಲ. ಅತ್ತೆಯನ್ನೇ ನೋಡಿ, ಅಳೆದು ಅಳೆದು ಹೇಳಿದರು.

"ಆಪ್ ನೇ ಕಹಾ ಥಾ, ಛೂನಾ ಮತ್. ಮೈಂ ನೇ ನಹೀಂ ಛುವಾ. ಪಾನೀ ಭೀ ದೂರ್ ಸೇ ಡಾಲಾ."

ನೀವು ಮುಟ್ಟಬೇಡ ಅಂದಿರಿ, ನಾನು ಮುಟ್ಟಲಿಲ್ಲ, ನೀರನ್ನೂ ದೂರದಿಂದಲೇ ಹಾಕಿದೆ. ನಾನು ಕನ್ನಡದಲ್ಲಿ ಹೇಳಲು ಬಾಯಿ ತೆರೆದೆ. ಬೇಕಾಗಿರಲಿಲ್ಲ. ಆ ಭಾಷೆಯಲ್ಲಿ ಅತ್ತೆಗೆ ಗೊತ್ತಿದ್ದದ್ದು ಆ ಮಾತೊಂದೇ. ಅವರು ತಲೆ ತಗ್ಗಿಸಿ ಖಾಲಿ ಕಪ್ಪಿನೊಳಗೆ ನೋಡುತ್ತ ಕೂತರು. ಆಂಟೀಜಿ ಎದ್ದು ಹೋಗಿ ಇನ್ನೊಂದು ಕಪ್ಪು ಚಹಾ ತಂದರು. ಅತ್ತೆ ಅದನ್ನೂ ಕುಡಿದರು.

ಮಾರನೆಯ ದಿನ ಅತ್ತೆ ಮೀಯುವ ಮೊದಲೇ ಮೇಲೆ ಹೋಗಿ ಪರದೆ ತೆಗೆದುಹಾಕಿದರು. ಇದ್ದ ಒಂದು ಬಳ್ಳಿಯಲ್ಲಿ ಮತ್ತೆ ಕಾಯಿ ಕಚ್ಚಲಿಲ್ಲ. ಒಂದೇ ಒಂದು ಕಾಯಿ, ಆಚೆ ಕಡೆಯದು. ಅದರ ಭಾರಕ್ಕೆ ಬಳ್ಳಿ ಜಗ್ಗಬಾರದೆಂದು ಆಂಟೀಜಿ ತಮ್ಮ ಹಳೆಯ ದುಪಟ್ಟಾದಲ್ಲಿ ತೊಟ್ಟಿಲು ಕಟ್ಟಿದರು. ಕಟ್ಟುವ ಮುಂಚೆ ಅತ್ತೆಯ ಮುಖ ನೋಡಿದರು, ಅತ್ತೆ ಹೂಂ ಎಂದರು. ಭಾನುವಾರ ಬಂದ ಅಳಿಯ ಅದನ್ನು ಕಂಡು ಕೊಯ್ಯಲೇ ಎಂದು ಕೇಳಿದನಂತೆ. ಅವನಿಗೆ ಚಿಟ್ಟೆಗಳಿಗೆ ಬಿದ್ದದ್ದಕ್ಕಿಂತ ಹೆಚ್ಚು ಬೈಗುಳ ಬಿತ್ತಂತೆ. ನಾನು ಮತ್ತೆ ಬೇಟಾ ಆದೆ. ಸೊಳ್ಳೆಪರದೆ ಮಂಚಕ್ಕೆ ವಾಪಸಾಯಿತು, ತೂತಿನ ಸಮೇತ. ಅದನ್ನು ಹೊಲಿಯಲು ಕೂತರೆ, ಇರಲಿ ಬಿಡು ಎಂದು ಅತ್ತೆ ಸೂಜಿ ತೆಗೆದಿಟ್ಟರು. ಆದ್ದರಿಂದ ಸೊಳ್ಳೆಗಳು ನಮ್ಮನ್ನು ಬಿಡಲಿಲ್ಲ.

ಜೂನ್ ಮುಗಿಯುವಾಗ ಕಾಯಿ ಅತ್ತೆಯ ಸೆರಗಿನ ಬಣ್ಣಕ್ಕೆ ಬಂತು. ಕೊಯ್ದು, ಬಾಳೆನಾರು ಸಿಕ್ಕದೆ ಪ್ಲಾಸ್ಟಿಕ್ ದಾರದಲ್ಲಿ ಕಟ್ಟಿ, ಅಡುಗೆಮನೆಯ ಕಿಟಕಿಗೆ ಕೆಲವು ದಿನ ತೂಗುಹಾಕಿದರು. ಅದನ್ನು ಹೆಚ್ಚಿದ ದಿನ ನಮ್ಮ ಅಡುಗೆಮನೆಗೆ ಆಂಟೀಜಿಯನ್ನು ಕರೆದುಕೊಂಡು ಬಾ ಎಂದು ಅತ್ತೆ ನನಗೆ ಹೇಳಿದರು. ಹೊಸ್ತಿಲ ಒಳಗೋ ಹೊರಗೋ ಎಂದು ನಾನು ಕೇಳಿದೆ. ಒಳಗೆ ಎಂದರು, ನಾನು ಕೇಳಬಾರದ್ದನ್ನು ಕೇಳಿದ ಹಾಗೆ.

ಅತ್ತೆ ಮಿಂದು ಮಡಿಯಲ್ಲಿ ಕೂತಿದ್ದರು. ಸೌತೆಯನ್ನು ಎರಡು ಹೋಳು ಮಾಡಿ, ಬೀಜ ಬಗೆದು ತೆಗೆದು, ತೊಳೆದು ತಟ್ಟೆಯಲ್ಲಿ ಹರಡಿದರು. ಬಿಳಿ, ತುಂಬಿದ ಬೀಜ, ಒಂದೂ ಜೊಳ್ಳಿರಲಿಲ್ಲ. ಇನ್ನು ಬೂದಿಯಲ್ಲಿ ಹೊರಳಿಸಬೇಕು. ಗ್ಯಾಸ್ ಒಲೆಯ ಮನೆಯಲ್ಲಿ ಬೂದಿ ಎಲ್ಲಿಂದ ಬರಬೇಕು? ಆಂಟೀಜಿ ಚಳಿಗಾಲದಲ್ಲಿ ಮೈ ಕಾಯಿಸಲು ಉರಿಸಿದ ಅಂಗೀಠಿಯ, ಅಂದರೆ ಅಗ್ಗಿಷ್ಟಿಕೆಯ, ಬೂದಿಯನ್ನು ಒಂದು ಡಬ್ಬದಲ್ಲಿ ತಂದಿದ್ದರು. ಆ ಅಂಗೀಠಿಯಲ್ಲಿ ಅವರು ಏನೇನು ಸುಟ್ಟಿರಬಹುದೆಂದು ನಾನು ಯೋಚಿಸಿದೆ. ಅತ್ತೆಯೂ ಯೋಚಿಸಿರಬೇಕು. ಡಬ್ಬ ಪಡೆದು ಬೂದಿಯನ್ನು ಬೀಜದ ಮೇಲೆ ಸುರಿದರು. ಸುರಿದು, ಕೈ ಹಾಕದೆ, ನನ್ನ ಕಡೆ ತಿರುಗಿದರು.

"ಅವರತ್ರ ಕೈ ಹಾಕ್ಲಿಕ್ಕೆ ಹೇಳು. ಅವರ ಕೈ ತಾಗಿಯೇ ಅಲ್ವಾ ಉಳಿದದ್ದು."

ನಾನು ಹೇಳಿದೆ. ಆಂಟೀಜಿ ಕೈ ಮುಂದೆ ತರಲಿಲ್ಲ. ಒಮ್ಮೆ ಪೆಟ್ಟು ತಿಂದ ಕೈ. ಅತ್ತೆ ಬಗ್ಗಿ ಅವರ ಮಣಿಕಟ್ಟು ಹಿಡಿದರು, ಹಿಡಿದು ತಟ್ಟೆಯೊಳಗೆ ಇಟ್ಟರು. ಇಬ್ಬರೂ ಮುದುಕಿಯರು ಒಟ್ಟಿಗೆ ಬೀಜ ಹೊರಳಿಸಿದರು. ಅರ್ಧ ಬೀಜ ನಮಗೆ, ಅರ್ಧ ಅವರಿಗೆ ಎಂದು ಎರಡು ಬಟ್ಟೆಯಲ್ಲಿ ಗಂಟುಕಟ್ಟಿ ಅತ್ತೆ ಒಂದನ್ನು ಅವರ ಮಡಿಲಿಗೆ ಹಾಕಿದರು. ನಾನು ಹುಳಿಗೆ ಬೇಳೆ ಇಡುವ ನೆಪ ಮಾಡಿ ಒಲೆಯ ಕಡೆ ತಿರುಗಿಕೊಂಡೆ.

ಹೊರಡುವಾಗ ಆಂಟೀಜಿ ಬೂದಿಯ ಕೈಯನ್ನು ಎತ್ತಿ ನನಗೆ ತೋರಿಸಿ, ನಗುತ್ತ, ಈಗ ನಿಮ್ಮ ಸಾಸುಮಾ ಮತ್ತೆ ಸ್ನಾನ ಮಾಡಬೇಕಾಗುತ್ತದಲ್ಲ ಪಾಪ, ಕೇಳು ಅವರನ್ನು ಎಂದರು. ಅಷ್ಟು ತಿಂಗಳು ಇಬ್ಬರ ಮಾತನ್ನೂ ಮೆದುಮಾಡಿ ಮೆದುಮಾಡಿ ಆಚೀಚೆ ಸಾಗಿಸಿದ್ದ ನಾನು, ಅಂದು ಒಂದಕ್ಷರ ಬಿಡದೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅತ್ತೆ ತಟ್ಟೆ ಒರೆಸುತ್ತಿದ್ದರು. ತಲೆ ಎತ್ತಲಿಲ್ಲ.

"ನಾಳೆ ಬೆಳಿಗ್ಗೆ ಹೇಗೂ ಮೀಯ್ಲಿಕ್ಕೆ ಉಂಟಲ್ಲ," ಎಂದರು. "ಅಷ್ಟು ಸಾಕು ಅಂತ ಹೇಳು."